ಎರಡು ಪಟ್ಟಿ ಹೆಚ್ಚಿಗೆ

ಊಟ ಮುಗಿಸಿ ರಸ್ತೆ ದಾಟಿ ಬಂದ ಅವಳನ್ನು ಕಂಡದ್ದೇ ತಡ, ತೂಕದ ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಮೆಕ್ಯಾನಿಕ್ ಧಡಕ್ಕನೆ ಎದ್ದು ನಿಂತ. ಕೈಯಲ್ಲಿದ್ದ ಸೀಮೆಸುಣ್ಣ ಜೇಬಿಗೆ ಹೋಯಿತು. ಮುಖ ಬಿಳಿಚಿಕೊಂಡಿತ್ತು. ಇವನೇಕೆ ಹೀಗೆ ಬೆಚ್ಚಿದ?

"ಆಯ್ತಾ ಕೆಲಸ?"

"ಪಟ್ಟಿ ಕೂರಿಸಿದ್ದಾಯ್ತು. ಇನ್ನೊಂದು... ಇನ್ನೊಂದು ಸ್ವಲ್ಪ ಬಾಕಿ ಇದೆ ಅಕ್ಕಾ."

ಅರ್ಧ ಗಂಟೆಯ ಹಿಂದೆ ಇದೇ ಬಾಯಿ, ನೀವು ಬರೋಷ್ಟರಲ್ಲಿ ಗಾಡಿ ರೆಡಿ ಅಂದಿತ್ತು.

ಅವಳು ಬಡಗಿ. ಒಳ್ಳೆಯ ಬಡಗಿ. ಗರಗಸದ ಮೇಜು, ರಂದ ಹೊಡೆಯುವ ಯಂತ್ರ, ಹತ್ತು ವರ್ಷದ ದುಡಿಮೆಯೆಲ್ಲ ಅವಳ ಪಿಕಪ್ಪಿನ ಹಿಂದೆ ಕಟ್ಟಿದ ಟ್ರೈಲರಿನಲ್ಲಿ, ಟಾರ್ಪಾಲಿನ ಕೆಳಗಿತ್ತು. ದೂರದಲ್ಲೊಂದು ಕೆಲಸ ಸಿಕ್ಕಿದೆ ಎಂದು ಗಂಡನಿಗೆ ಸುಳ್ಳು ಹೇಳಿ ಹಿಂದಿನ ದಿನವೇ ಏರಿಸಿಟ್ಟಿದ್ದಳು. ಬೆಳಿಗ್ಗೆ ಅವನು ಕಾರ್ಖಾನೆಯ ಪಾಳಿಗೆ ಹೊರಟ ಹತ್ತು ನಿಮಿಷಕ್ಕೆ ಇವಳೂ ಹೊರಟಳು. ಘಾಟಿಯಾಚೆ ಚಿಕ್ಕಮ್ಮನ ಮನೆ. ಇನ್ನು ಈ ಕಡೆ ತಲೆ ಹಾಕುವುದಿಲ್ಲ. ಎಡಗೈಯ ಎರಡು ಬೆರಳು ಇನ್ನೂ ಊದಿಕೊಂಡಿದ್ದವು. ಹೋದ ವಾರ ಆ ಬೆರಳುಗಳನ್ನು ಬಾಗಿಲ ಸಂದಿಗಿಟ್ಟು ಅದುಮಿದವನು ಗಂಡನೇ. "ಬಿಟ್ಟು ಹೋದ್ರೆ ಹೆಣವಾಗ್ತೀಯ" ಎಂದು ಎಷ್ಟು ತಣ್ಣಗೆ ಹೇಳಿದ್ದ!

ಆದರೆ ಪಿಕಪ್ಪು ಕೈಕೊಟ್ಟಿತು. ಟ್ರೈಲರಿನ ಭಾರಕ್ಕೆ ಹಿಂಭಾಗ ಕುಸಿದು, ಮೂಗು ಆಕಾಶ ನೋಡತೊಡಗಿ, ಸ್ಟೀರಿಂಗ್ ಹಿಡಿತಕ್ಕೇ ಸಿಗದಾಯಿತು. ಊರ ಹೊರಗಿನ ಈ ಗ್ಯಾರೇಜಿಗೆ ಹೇಗೋ ತಂದು ನಿಲ್ಲಿಸಿದಳು.

"ಹೀಗೇ ಘಾಟಿ ಇಳಿಯೋಕೆ ಹೋದ್ರೆ ಸೀದಾ ಮೇಲಕ್ಕೇ ಹೋಗ್ತೀರಿ" ಎಂದು ಮೆಕ್ಯಾನಿಕ್ ನಕ್ಕಿದ್ದ. ಪಿಕಪ್ಪಿನ ಹಿಂಭಾಗವನ್ನು ಹೊರುವ ಕಮಾನುಗಳಿಗೆ ಎರಡೆರಡು ಉಕ್ಕಿನ ಪಟ್ಟಿ ಹೆಚ್ಚಿಗೆ ಹಾಕಬೇಕು ಅಂದಿದ್ದ. ಗಿರಾಕಿಗಳು ಅವನನ್ನು ತೂಕದಣ್ಣ ಅನ್ನುತ್ತಿದ್ದರು. ಟ್ರೈಲರನ್ನು ಬಿಚ್ಚಿ, ಗಾಡಿಯ ಕೊಂಡಿಗೆ ಕೂರುವ ಅದರ ಮೂತಿಯನ್ನು ತೂಕದ ಯಂತ್ರದ ಮೇಲೆ ಇಳಿಸಿ, ಬಂದ ಅಂಕಿಯನ್ನು ಗೋಡೆಯ ಮೇಲೆ ಬರೆಯದೆ ಅವನು ಸ್ಪ್ಯಾನರ್ ಮುಟ್ಟುವವನಲ್ಲ. ಬಂದಾಗೊಮ್ಮೆ, ಹೋಗುವಾಗೊಮ್ಮೆ. ಟಾರ್ಪಾಲು ಎತ್ತಿ ನೋಡಲು ಕೈ ಹಾಕಿದಾಗ ಮಾತ್ರ ಅವಳು ಗದರಿದ್ದಳು.

"ಅದನ್ನ ಯಾರೂ ಮುಟ್ಟೋ ಹಾಗಿಲ್ಲ!"

ಈಗ ಅವನು ಆ ಟಾರ್ಪಾಲಿನತ್ತ ನೋಡಿದ. ಆಮೇಲೆ ಅವಳತ್ತ.

"ಅಕ್ಕಾ, ನೀವೊಬ್ಬರೇ ತಾನೆ ಹೋಗ್ತಿರೋದು?"

"ಯಾಕೆ?"

"ಸುಮ್ನೆ ಕೇಳಿದೆ. ಒಳಗೆ ಬನ್ನಿ, ಒಂದು ಮಾತು ಹೇಳೋದಿದೆ."

"ಇಲ್ಲೇ ಹೇಳಿ."

"ಇಲ್ಲಿ ಬೇಡ. ಒಳಗೆ ಬನ್ನಿ." ದನಿ ಪಿಸುಮಾತಿಗೆ ಇಳಿದಿತ್ತು. ಹಣೆಯಲ್ಲಿ ಬೆವರು.

ಒಳಗೆಂದರೆ ಕಿಟಕಿಯಿಲ್ಲದ ಒಂದು ಕೋಣೆ, ಒಂದೇ ಬಾಗಿಲು. ಬಾಗಿಲುಗಳ ವಿಷಯದಲ್ಲಿ ಅವಳಿಗೆ ಸಾಕಷ್ಟು ಪಾಠವಾಗಿತ್ತು. ಬರುವುದಿಲ್ಲ ಎಂದು ತಲೆಯಾಡಿಸಿದಳು. ಅವನು ಒಂದು ಕ್ಷಣ ಕೈ ಕೈ ಹಿಸುಕಿಕೊಂಡು, ತಾನೊಬ್ಬನೇ ಒಳಗೆ ಹೋಗಿ ಫೋನು ಹಿಡಿದ. ಅವಳು ಬಾಗಿಲ ಪಕ್ಕ ಸರಿದು ಕಿವಿಗೊಟ್ಟಳು.

"ಇಲ್ಲೇ ಇದಾರೆ. ಹತ್ತು ನಿಮಿಷ ಹೇಗಾದ್ರೂ ನಿಲ್ಲಿಸ್ಕೊಂಡಿರ್ತೀನಿ, ಬೇಗ ಬನ್ನಿ. ಇಲ್ಲ, ಅವರಿಗೆ ಇನ್ನೂ ಏನೂ ಗೊತ್ತಿಲ್ಲ."

ಅಯ್ಯೋ ಪಾಪಿ! ದಿನಾ ಒಂದು ಗಂಟೆಗೆ ಸರಿಯಾಗಿ ಗಂಡನ ಫೋನು ಬರುತ್ತಿತ್ತು, ಎಲ್ಲಿದ್ದೀಯ, ಏನು ಮಾಡ್ತಿದ್ದೀಯ ಎಂದು. ಇವತ್ತು ಬಂದಿರಲಿಲ್ಲ. ಸದ್ಯ, ಪೀಡೆ ತೊಲಗಿತು ಎಂದು ನೆಮ್ಮದಿಯಿಂದ ಊಟ ಮಾಡಿದ್ದಳಲ್ಲ! ಅವನಿಗೆ ಎಲ್ಲ ತಿಳಿದುಹೋಗಿದೆ. ಈ ತೂಕದಣ್ಣನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾನೆ.

ಅವಳು ಅಳುತ್ತ ನಿಲ್ಲಲಿಲ್ಲ. ಪಿಕಪ್ಪನ್ನು ಹಿಂದಕ್ಕೆ ತಂದಳು. ಟ್ರೈಲರಿನ ಮೂತಿಯ ಜಾಕಿನ ಹಿಡಿಕೆ ತಿರುಗಿಸಿದಳು. ಬೆಳಿಗ್ಗೆ ಸಲೀಸಾಗಿ ತಿರುಗಿದ್ದ ಹಿಡಿಕೆ ಈಗ ಜಪ್ಪಯ್ಯ ಅನ್ನಲಿಲ್ಲ. ಊದಿದ ಬೆರಳುಗಳನ್ನು ಶಪಿಸುತ್ತ, ಎದೆಯ ಬಲವನ್ನೆಲ್ಲ ಹಾಕಿ ತಿರುಗಿಸಿ, ಮೂತಿಯನ್ನು ಕೊಂಡಿಗೆ ಕೂರಿಸಿ ಬೀಗ ಜಡಿದಳು.

"ಅಕ್ಕಾ! ನಿಲ್ಲಿ! ಹೋಗಬೇಡಿ!"

ಎರಡೂ ಕೈ ಬೀಸುತ್ತ ಓಡಿ ಬರುತ್ತಿದ್ದ ಅವನು ಕನ್ನಡಿಯಲ್ಲಿ ಚಿಕ್ಕವನಾಗುತ್ತ ಹೋದ. ಗ್ಯಾರೇಜಿನ ಗೋಡೆಯ ಮೇಲೆ ಈಗ ಎರಡು ಅಂಕಿಗಳಿದ್ದವು. ಅವಳಿಗೆ ಓದುವಷ್ಟು ಪುರುಸೊತ್ತೆಲ್ಲಿ?

ದ್ರೋಹಿಯೇ ಇರಬಹುದು, ಕೆಲಸ ಮಾತ್ರ ಚೊಕ್ಕವಾಗಿ ಮಾಡಿದ್ದ. ಹಿಂಭಾಗ ಒಂದಿಷ್ಟೂ ಕುಸಿಯಲಿಲ್ಲ, ಮೂಗು ಎತ್ತಲಿಲ್ಲ. ಹಿಂದೆ ಭಾರವಿದೆ ಎಂಬುದೇ ಮರೆತುಹೋಗುವಂತೆ ಗಾಡಿ ಓಡಿತು. ಅಂಗಡಿಗಳು ಮುಗಿದವು, ಮನೆಗಳು ಮುಗಿದವು. ಹಿಂದೆ ಯಾವ ವಾಹನವೂ ಬರುತ್ತಿರಲಿಲ್ಲ. ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ಗಟ್ಟಿಯಾಗಿ ನಕ್ಕಳು. ಬದುಕಿದೆಯಾ ಬಡಜೀವವೇ!

ಫೋನು ಬಡಿದುಕೊಳ್ಳುತ್ತಲೇ ಇತ್ತು. ಗ್ಯಾರೇಜಿನ ನಂಬರು. ಐದನೆಯ ಸಲಕ್ಕೆ ಅವಳಿಗೆ ರೇಗಿಹೋಯಿತು. ಇವನಿಗೆ ನಾಲ್ಕು ಮಾತು ಅಂದೇಬಿಡಬೇಕು. ಘಾಟಿ ಶುರುವಾಗುವಲ್ಲಿ, ನರಪಿಳ್ಳೆಯೂ ಇಲ್ಲದ ತಿರುವಿನಲ್ಲಿ ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಫೋನೆತ್ತಿದಳು.

"ನಾಚಿಕೆ ಆಗಲ್ವಾ ನಿಮಗೆ? ನನ್ನ ಗಂಡನಿಗೆ ಫೋನ್ ಮಾಡಿ ಕರೆಸ್ತೀರಾ?"

"ನಿಮ್ಮ ಗಂಡ ಯಾರೋ ನಂಗೊತ್ತಿಲ್ಲ ಅಕ್ಕಾ, ನಾನು ಕರೆದಿದ್ದು ಪೊಲೀಸರನ್ನ! ದಮ್ಮಯ್ಯ ಅಂತೀನಿ, ಗಾಡಿ ಮಾತ್ರ ಎಲ್ಲೂ ನಿಲ್ಲಿಸಬೇಡಿ. ನೀವು ಊಟ ಮಾಡಿ ಬರೋಷ್ಟರಲ್ಲಿ ನಿಮ್ಮ ಟ್ರೈಲರಿನ ಮೂತಿ ಅರವತ್ತು ಕೆಜಿ ಹೆಚ್ಚಾಗಿದೆ."