ಎರಡನೆಯ ಗುಂಡು

ಮಧ್ಯಾಹ್ನವೇ ಇರಬೇಕು, ಖಚಿತವಿಲ್ಲ. ಈ ನೆನಪನ್ನು ನಾನು ಎಷ್ಟು ಸಲ ತಿದ್ದಿದ್ದೇನೋ. ಆದರೂ ಸುಟ್ಟ ಕೋವಿಮದ್ದಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನಮ್ಮೂರು ಬಿಟ್ಟಂಗಾಲದ ಮನೆಯಂಗಳದಲ್ಲೇ ಹೋಗಿ ನಿಲ್ಲುತ್ತೇನೆ.

ನನ್ನ ತಮ್ಮ ಹುಟ್ಟಿದ್ದ. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿತ್ತು. ಅಜ್ಜ ಜೋಡುನಳಿಗೆಯ ಕೋವಿ ಎತ್ತಿ ಒಂದು ಹೊಡೆದರು. ನಾವು ನಗುತ್ತಿದ್ದಂತೆಯೇ ಇನ್ನೊಂದು ಹೊಡೆದರು.

ಗದ್ದೆಯಾಚೆಯ ಹೆಂಗಸರು ಅಳುತ್ತಲೇ ಓಡಿಬಂದರು. "ಯಾರು ಹೋದ್ರು?"

ಅಪ್ಪ ಕೋವಿ ಕಿತ್ತುಕೊಂಡರು. "ಕನ್ನಡಕ ಮರೆತ್ರಿ, ಸುಮ್ನಿದ್ದೆ. ಇದೂ ಮರೆವಾ ಅಪ್ಪಯ್ಯ? ಇನ್ನು ಕೋವಿ ನನ್ನ ಹತ್ರ ಇರ್ಲಿ."

"ಬಿಳಿ ದೊರೆಗಳೇ ನನ್ನ ಕೋವಿ ಕೇಳಿಲ್ಲ, ನೀನ್ಯಾರು? ಮರ್ತಿಲ್ಲ ಮಾರಾಯ. ಒಂದು ಮಗುಗೆ, ಇನ್ನೊಂದು ನಂಗೆ. ನನ್ನನ್ನ ನೀನು ಯಾವತ್ತೋ ಹೂತಿದ್ದೀಯಲ್ಲ."

ಅಪ್ಪ ಕೋವಿಯನ್ನು ಒಳಗಿಟ್ಟು ಬೀಗ ಹಾಕಿದರು. ಅಜ್ಜ ಜಗಲಿಯಲ್ಲಿ ಕೂತು ಮದ್ದು ಮೆತ್ತಿದ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದು, ಅಪ್ಪನಿಗೂ ಕೇಳಿಸುವಷ್ಟು ಜೋರಾಗಿ, "ಒಳಗೆ ಅಳ್ತಿರೋದು ಯಾರ ಮಗು?" ಎಂದರು.

ಅಪ್ಪನನ್ನು ಕೆಣಕಲು ಕೇಳಿದರೋ, ನಿಜಕ್ಕೂ ಕೇಳಿದರೋ, ನನಗೆ ಗೊತ್ತಿಲ್ಲ.