ಎಡತೋಳು

"ಆಯ್ತಮ್ಮ, ಇನ್ನು ತೆಗೆದ್ಬಿಡು," ಎಂದಳು ಶಾಮಲಾ, ಮದುಮಗಳೊಬ್ಬಳಿಗೆಂದು ಹೊಲಿದ ಕೆಂಪು ಚೋಲಿಯ ಎಡತೋಳಿಗೆ ಕೊನೆಯ ಪಿನ್ನು ಚುಚ್ಚುತ್ತ. ಮುಂಬಯಿಯ ಬಾಂದ್ರಾದಲ್ಲಿ ದೊಡ್ಡ ಅಂಗಡಿ, ಜೋಗೇಶ್ವರಿಯಲ್ಲಿ ವರ್ಕ್‌ಶಾಪ್ ಆದಮೇಲೂ ಹೊಸ ಉಡುಪನ್ನು ಅವಳು ಮೊದಲು ತೊಡಿಸಿ ನೋಡುತ್ತಿದ್ದುದು ಚೆಂಬೂರಿನ ಈ ಮನೆಯಲ್ಲಿ, ಅಮ್ಮನ ಮೈಮೇಲೆಯೇ. ಮಾಡೆಲ್‌ಗೆ ದುಡ್ಡಿಲ್ಲದ ಕಾಲದಿಂದ ಬಂದ ಅಭ್ಯಾಸ ಅದು.

ಅಮ್ಮ ರಮಾಮಣಿ ಕದಲಲಿಲ್ಲ. ಗಂಡ ತೀರಿಕೊಂಡಂದಿನಿಂದ ಮಾಸಲು ಬಣ್ಣದ ಸೀರೆ ಬಿಟ್ಟು ಬೇರೆ ಉಡದ ಅವರು ಬೀರುವಿನ ಕನ್ನಡಿಯನ್ನೇ ನೋಡುತ್ತಿದ್ದರು. "ತೋಳು ಯಾಕೋ ಎಳೀತಿದೆ ಕಣೇ. ಇನ್ನೊಂದ್ಸಲ ನೋಡ್ತೀಯಾ?"

ಶಾಮಲಾ ನೋಡಿದಳು. ತೋಳು ಅಚ್ಚುಕಟ್ಟಾಗಿ ಕೂತಿತ್ತು. ಅಮ್ಮ ಇಷ್ಟು ವರ್ಷವೂ ಹೀಗೆಯೇ ಏನಾದರೊಂದು ಕೊರತೆ ಹೇಳುತ್ತಿದ್ದರು. ಹಾಗೆ ಹೇಳಿದ್ದೆಲ್ಲ ಕೆಂಪಿಗೆ, ಹಳದಿಗೆ, ಜರಿಗೆ. ಬಿಳಿಯ ಉಡುಪಿಗೆ ಒಮ್ಮೆಯೂ ಹೇಳಿರಲಿಲ್ಲ.

ಕೆಳಗೆ ಫಿಯಟ್ ನಿಲ್ಲಿಸಿ ಬಂದಿದ್ದ ಡ್ರೈವರ್ ಸಾಯಬಣ್ಣ ಬಾಗಿಲಾಚೆಯಿಂದ ಕೂಗಿದ. "ಅಕ್ಕಾರ, ಲೇಟ್ ಆಗ್ತದ್ರೀ. ವರ್ಕ್‌ಶಾಪ್‌ನ್ಯಾಗ ಟೇಲರ್ ಮಾಸ್ಟರ್ ಕಾಯಾಕತ್ಯಾರ."

"ಕಾಯಲಿ ಬಿಡು."

ಶಾಮಲಾ ತೋಳಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು.

"ಹೌದಮ್ಮ, ಎಳೀತಿದೆ," ಎಂದಳು. "ಹಾಗೇ ನಿಂತಿರು."