ಸಂಪಿಗೆಕೊಪ್ಪಕ್ಕೆ ವರ್ಗಾವಣೆ

ಸರ್ಕಾರಿ ನೌಕರರ ಸಂಬಳ ಮಾಡುವ ಆ ಮುದಿ ಸಾಫ್ಟ್‌ವೇರ್ ಕೊನೆಗೂ ಬದಲಾಗುವುದಿತ್ತು. ಅದನ್ನು ಬಳಸುವವರ ಪಾಡು ತಿಳಿಯಲು ಬಂದ ಮೇದಿನಿ, ಗುಮಾಸ್ತೆ ಜಲಜಾಕ್ಷಿಯ ಪಕ್ಕದಲ್ಲೇ ಬೆಳಗಿನಿಂದ ಕೂತಿದ್ದಳು. ಮೊನ್ನೆ ತೀರಿಹೋದ ಡ್ರೈವರೊಬ್ಬರ ಹೆಸರಿನ ಮುಂದೆ ಜಲಜಾಕ್ಷಿ ‘ವರ್ಗಾವಣೆ’ ಎಂದು ಒತ್ತಿದಳು.

“ಅಕ್ಕಾ, ಅವರು ಹೋಗ್ಬಿಟ್ರು ಅಂದ್ರಲ್ಲ?”

“ಸತ್ತವರನ್ನ ತೆಗೆಯೋಕೆ ಇದರಲ್ಲಿ ದಾರೀನೇ ಇಲ್ಲಮ್ಮ. ವರ್ಗಾವಣೆ ಅಂತ ತೋರಿಸ್ದೇ ಇದ್ರೆ ಮಿಕ್ಕವರ ಸಂಬಳಾನೂ ನಿಂತುಹೋಗತ್ತೆ.”

“ಯಾವ ಊರಿಗೆ ಅಂತ ಕೇಳ್ತಿದೆಯಲ್ಲ?”

“ಸಂಪಿಗೆಕೊಪ್ಪಕ್ಕೆ. ಅಲ್ಲಿನ ಕಚೇರಿ ಮುಚ್ಚಿ ಎಷ್ಟೋ ಕಾಲ ಆಯ್ತು. ನಮ್ಮ ಇಲಾಖೇಲಿ ತೀರಿಕೊಂಡೋರನ್ನೆಲ್ಲ ಅಲ್ಲಿಗೇ ಕಳಿಸೋದು.”

ಮೇದಿನಿಗೆ ನಗು ತಡೆಯಲಾಗಲಿಲ್ಲ. ಇಂಥದೊಂದು ಸಿಕ್ಕಿತಲ್ಲ ಎಂದು ಖುಷಿಯೂ ಆಯಿತು.

“ಹೊಸದರಲ್ಲಿ ‘ಮರಣ’ ಅಂತಲೇ ಒಂದು ಬಟನ್ ಇಡಿಸ್ತೀನಿ. ಹಳೇ ಹೆಸರುಗಳನ್ನೂ ಸರಿ ಮಾಡಿಸ್ತೀನಿ ಬಿಡಿ.”

“ಹಳೇದು ಹಾಗೇ ಇರ್ಲಿ,” ಎಂದಳು ಜಲಜಾಕ್ಷಿ.

“ಯಾಕಕ್ಕಾ? ಅದು ಸುಳ್ಳಲ್ವಾ?”

ಅಷ್ಟರಲ್ಲಿ ಜಲಜಾಕ್ಷಿಯ ಫೋನ್ ಬಡಿದುಕೊಂಡಿತು. ಅವಳ ಮಗಳ ಎಳೆಯ ದನಿ ಮೇದಿನಿಗೂ ಕೇಳಿಸಿತು.

“ಅಮ್ಮಾ, ಅಪ್ಪ ಸಂಪಿಗೆಕೊಪ್ಪದಿಂದ ಯಾವಾಗ ಬರ್ತಾರೆ?”